ಠಾಣೆಯ ಮೆಟ್ಟಿಲಲ್ಲಿ ಸತ್ಯಾಣುವ್ರತ

ಶ್ರಾವಕನ ಧರ್ಮವು ಬಸದಿಯ ಹೊಸ್ತಿಲೊಳಗೆ ಆರಂಭವಾಗಿ ಅಲ್ಲಿಯೇ ಮುಗಿಯುವಂಥದಲ್ಲ. ಅಂಗಡಿಯ ತಕ್ಕಡಿಯ ಮುಂದೆ, ತೆರಿಗೆಯ ಕಚೇರಿಯಲ್ಲಿ, ನ್ಯಾಯಾಲಯದ ಕಟಕಟೆಯಲ್ಲಿ, ಹಾಗೆಯೇ ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆಯೂ ಅದು ಅವನೊಡನೆ ಇರಬೇಕಾದುದು. ಮೊದಲ ಮೂರು ಸ್ಥಳಗಳಲ್ಲಿ ಗೃಹಸ್ಥನು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಕುರಿತು ಪ್ರವಚನಗಳು ನಡೆದಿವೆ, ಲೇಖನಗಳು ಬಂದಿವೆ. ನಾಲ್ಕನೆಯದನ್ನು ಕುರಿತು ಮಾತ್ರ ಸಮಾಜದಲ್ಲಿ ಒಂದು ಬಗೆಯ ಸಂಕೋಚವಿದೆ. ಠಾಣೆಯೆಂದರೆ ಕಳ್ಳಕಾಕರು ಹೋಗುವ ಸ್ಥಳ, ಮರ್ಯಾದಸ್ಥರ ಮನೆಯ ಮೇಲೆ ಅದರ ನೆರಳೂ ಬೀಳಬಾರದು ಎಂಬ ಭಾವನೆಯಿಂದ ಆ ವಿಷಯವನ್ನೇ ಮನೆಗಳಲ್ಲಿ ಎತ್ತುವುದಿಲ್ಲ. ಇದರ ಫಲವೇನೆಂದರೆ, ಎಂದಾದರೊಂದು ದಿನ ಆ ನೆರಳು ಬಿದ್ದಾಗ ಏನು ಕೇಳಬೇಕು, ಏನು ಹೇಳಬೇಕು, ಯಾವುದಕ್ಕೆ ಸಹಿ ಹಾಕಬೇಕು ಎಂಬುದು ಯಾರಿಗೂ ತಿಳಿದಿರುವುದಿಲ್ಲ.

ತಿಳಿಯದವನು ಹೆದರುತ್ತಾನೆ. ಹೆದರಿದವನು ಮೊದಲು ವಶೀಲಿಯನ್ನು ಹುಡುಕುತ್ತಾನೆ, ಬಳಿಕ ಕಿಸೆಗೆ ಕೈಹಾಕುತ್ತಾನೆ, ಅದೂ ಸಾಲದಾದಾಗ ಸುಳ್ಳು ಹೇಳುತ್ತಾನೆ. ಜೀವಮಾನವಿಡೀ ಖಾತೆ ಕಿರ್ದಿಗಳಲ್ಲಿ ಒಂದು ಅಕ್ಷರವನ್ನೂ ತಿದ್ದದ ಮನೆತನಗಳು ಒಂದೇ ರಾತ್ರಿಯಲ್ಲಿ ಈ ಮೂರನ್ನೂ ಮಾಡಿಬಿಡುವುದುಂಟು. ಕಾನೂನು ಕೊಟ್ಟಿರುವ ಹಕ್ಕುಗಳ ಅರಿವು ತಪ್ಪಿತಸ್ಥರಿಗೆ ಮಾತ್ರ ಬೇಕಾದ ಕುಯುಕ್ತಿಯೆಂದು ಅನೇಕ ಸಜ್ಜನರು ತಿಳಿದಿದ್ದಾರೆ. ಆದರೆ ಸತ್ಯವಂತನು ಸತ್ಯವಂತನಾಗಿಯೇ ಉಳಿಯಲು ಆ ಅರಿವೇ ಆಸರೆಯಾಗುತ್ತದೆ ಎಂಬುದು ವಿಚಾರ ಮಾಡಿದವರಿಗೆ ಹೊಳೆಯದಿರದು.

ಉತ್ತರ ಕರ್ನಾಟಕದ ಒಂದು ತಾಲ್ಲೂಕು ಪಟ್ಟಣದಲ್ಲಿ 2025ರ ಫೆಬ್ರವರಿ ತಿಂಗಳಲ್ಲಿ ನಡೆದ ಒಂದು ಸಂಗತಿಯು ಈ ವಿಚಾರಕ್ಕೆ ತಕ್ಕ ದೃಷ್ಟಾಂತವಾಗಿದೆ. ಅಲ್ಲಿಯ ಕಾಳುಕಡಿಯ ಸಗಟು ವ್ಯಾಪಾರಿಯೊಬ್ಬರು ಅರುವತ್ತೈದು ದಾಟಿದವರು, ಬಸದಿಯ ಟ್ರಸ್ಟಿನ ಸದಸ್ಯರು, ಕೂಡು ಕುಟುಂಬದ ಹಿರಿಯರು. ಮದ್ಯವು ತಲೆಮಾರುಗಳಿಂದ ಆ ಮನೆಯ ಹೊಸ್ತಿಲು ದಾಟಿ ಬಂದದ್ದಿಲ್ಲ. ಒಂದು ರಾತ್ರಿ ಹನ್ನೊಂದೂಕಾಲರ ಸುಮಾರಿಗೆ ಮನೆಗೆ ಫೋನು ಬಂದಿತು. ಅವರ ತಮ್ಮನ ಮಗ, ಇಪ್ಪತ್ತಮೂರರ ತರುಣ, ಗೆಳೆಯನ ಮದುವೆಯ ಆರತಕ್ಷತೆಯಿಂದ ಕಾರು ಓಡಿಸಿಕೊಂಡು ಮರಳುತ್ತಿದ್ದಾಗ ಪೊಲೀಸರು ತಡೆದು ಉಸಿರು ಪರೀಕ್ಷಿಸಿದರೆಂದೂ, ಯಂತ್ರವು 68 ಎಂದು ತೋರಿಸಿತೆಂದೂ, ಈಗ ಠಾಣೆಯಲ್ಲಿದ್ದಾನೆಂದೂ ಜೊತೆಯಲ್ಲಿದ್ದ ಗೆಳೆಯನು ತಿಳಿಸಿದನು.

ಆ ಅಂಕಿಯ ಅರ್ಥವನ್ನು ಮೊದಲು ತಿಳಿಯಬೇಕು. 1988ರ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನಂತೆ 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದು ವಾಹನವನ್ನು ಓಡಿಸಿದರೆ ಅಪರಾಧ. ಓಡಿಸಿದವನು ತೂರಾಡುತ್ತಿದ್ದನೆ ಇಲ್ಲವೆ, ಅಪಘಾತವಾಯಿತೆ ಇಲ್ಲವೆ ಎಂಬುದು ಇಲ್ಲಿ ಪ್ರಶ್ನೆಯಲ್ಲ. 2019ರ ತಿದ್ದುಪಡಿಯು ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೇಲೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮರಳಿ ಅದೇ ಅಪರಾಧವಾದರೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ. ಹೆಲ್ಮೆಟ್ ಧರಿಸದ ತಪ್ಪಿಗೆ ರಸ್ತೆಯಲ್ಲಿಯೇ ದಂಡ ಕಟ್ಟಿ ರಸೀದಿ ಪಡೆಯುವಂತೆ ಇದನ್ನು ಸ್ಥಳದಲ್ಲಿ ಮುಗಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲ. ಪ್ರಕರಣವು ನ್ಯಾಯಾಲಯಕ್ಕೇ ಹೋಗಬೇಕು. ಆದ್ದರಿಂದ ಈ ಅಪರಾಧಕ್ಕೆ ರಸ್ತೆಯಲ್ಲಿ ಕೈಗೆ ಕೈ ಕೊಡುವ ಹಣವು ಎಷ್ಟೇ ಇರಲಿ, ಅದು ದಂಡವಲ್ಲ.

ಫೋನು ಬಂದ ಹತ್ತು ನಿಮಿಷಗಳಲ್ಲಿ ಆ ಮನೆಯ ಪಡಸಾಲೆಯಲ್ಲಿ ಮೂರು ಸಲಹೆಗಳು ಬಂದವು. ಶಾಸಕರ ಆಪ್ತ ಸಹಾಯಕನಿಗೆ ಫೋನು ಮಾಡಬೇಕೆಂದು ಭಾವಮೈದುನರು ಹೇಳಿದರು. ಏನಾದರೂ ಕೊಟ್ಟು ಹೆಸರು ಬರೆಯುವ ಮುಂಚೆಯೇ ಬಿಡಿಸಿಕೊಂಡು ಬರಬೇಕೆಂದು ಹುಡುಗನ ತಂದೆ ಅಂಗಲಾಚಿದರು. ಮೂರನೆಯ ಸಲಹೆಯು ಬಾಗಿಲ ಬಳಿ ನಿಂತಿದ್ದ ಮನೆಯ ಚಾಲಕನಿಂದಲೇ ಬಂದಿತು: “ಸಾವಕಾರರೆ, ಗಾಡಿ ನಾನೇ ಓಡಿಸುತ್ತಿದ್ದೆ ಎಂದು ಹೇಳಿಬಿಡುತ್ತೇನೆ. ಸಣ್ಣ ಸಾವಕಾರರ ಹೆಸರು ಕೆಡುವುದು ಬೇಡ.” ಹಿರಿಯರು ಅವನನ್ನು ಒಂದು ಕ್ಷಣ ನೋಡಿ, “ನಿನ್ನ ಲೈಸೆನ್ಸು ಹೋದರೆ ನಾಳೆ ಏನು ಓಡಿಸಿ ಮನೆ ನಡೆಸುತ್ತೀಯಪ್ಪಾ?” ಎಂದು ಮಾತ್ರ ಕೇಳಿದರು. ಅವನಲ್ಲಿ ಉತ್ತರವಿರಲಿಲ್ಲ.

ಈ ಮೂರನೆಯ ಸಲಹೆಯನ್ನು ವಿಶೇಷವಾಗಿ ಗಮನಿಸಬೇಕು. ಶ್ರೀಮಂತರ ಮನೆಯ ಮಕ್ಕಳು ಮಾಡಿದ ಅಪರಾಧಕ್ಕೆ ಸಂಬಳದ ಚಾಲಕರು ತಲೆಯೊಡ್ಡುವುದು ಅಪರೂಪದ ಸಂಗತಿಯೇನೂ ಅಲ್ಲ. ಚಾಲಕನು ತಾನಾಗಿಯೇ ಒಪ್ಪಿಕೊಂಡನೆಂದು ಆ ಮನೆಗಳವರು ಸಮಾಧಾನ ಹೇಳಿಕೊಳ್ಳುತ್ತಾರೆ. ಒಡೆಯನ ಅನ್ನ ಉಣ್ಣುವವನ ಒಪ್ಪಿಗೆಗೆ ಎಷ್ಟು ತೂಕವಿದೆಯೆಂಬುದನ್ನು ತಕ್ಕಡಿ ಹಿಡಿದವರೇ ಯೋಚಿಸಬೇಕು. ತಾನು ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಎಂದು ಪಾಪಕ್ಕೆ ಮೂರು ದ್ವಾರಗಳನ್ನು ಆಚಾರ್ಯರು ಹೇಳಿರುವಾಗ, ಚಾಲಕನ ಬಾಯಿಂದ ಹೊರಟ ಸುಳ್ಳು ಒಡೆಯನ ಖಾತೆಗೆ ಬೀಳದೆ ಹೋಗುವುದಿಲ್ಲ. ಲೌಕಿಕದಲ್ಲಿಯೂ, ಸರ್ಕಾರಿ ಅಧಿಕಾರಿಗೆ ಬೇಕೆಂದೇ ಸುಳ್ಳು ಮಾಹಿತಿ ಕೊಡುವುದು ಬೇರೆಯೇ ಒಂದು ಅಪರಾಧ. ಲಂಚದ ಮಾತೂ ಹೀಗೆಯೇ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಡುವವನಿಗೂ ಏಳು ವರ್ಷಗಳವರೆಗೆ ಶಿಕ್ಷೆಯಾಗಬಹುದು. ಬಲವಂತದಿಂದ ಕೊಡಬೇಕಾಗಿ ಬಂದವನು ಏಳು ದಿನಗಳೊಳಗೆ ಅದನ್ನು ಸಂಬಂಧಪಟ್ಟ ಅಧಿಕಾರಿಗೆ ತಿಳಿಸಿದರೆ ಮಾತ್ರ ಅವನಿಗೆ ರಕ್ಷಣೆಯುಂಟು. ಆರು ತಿಂಗಳ ಶಿಕ್ಷೆಯ ಅಪರಾಧವನ್ನು ಮುಚ್ಚಲು ಏಳು ವರ್ಷದ ಶಿಕ್ಷೆಯ ಅಪರಾಧವನ್ನು ಮಾಡುವುದು ಯಾವ ವ್ಯಾಪಾರಿಯ ಲೆಕ್ಕಕ್ಕೆ ಸರಿಹೊಂದೀತು?

ಹಿರಿಯರು ನೆರೆಮನೆಯಲ್ಲಿದ್ದ, ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರನ್ನು ಎಬ್ಬಿಸಿದರು. ಇಬ್ಬರೂ ಭಾವಮೈದುನರನ್ನು ಕರೆದುಕೊಂಡು, ಚಾಲಕನಿಂದ ಮನೆಯ ಇನ್ನೊಂದು ಗಾಡಿಯನ್ನು ತೆಗೆಸಿ ಠಾಣೆಗೆ ಹೋದರು. ದಾರಿಯಲ್ಲಿ ಶಿರಸ್ತೇದಾರರು ಹೇಳಿದ್ದು ಇಷ್ಟೆ: “ದನಿ ಏರಿಸುವುದು ಬೇಡ, ಕೈಮುಗಿಯುವುದೂ ಬೇಡ. ಕೇಳುವುದನ್ನು ಕೇಳೋಣ, ಅವರು ಬರೆಯುವುದನ್ನು ಬರೆಯಲಿ.”

ಠಾಣೆಯಲ್ಲಿ ಅವರು ಕೇಳಿದ್ದು ನಾಲ್ಕು ಸಂಗತಿಗಳನ್ನು. ಹುಡುಗನನ್ನು ಯಾವ ಕಾರಣಕ್ಕಾಗಿ, ಯಾವ ಕಲಮಿನ ಮೇಲೆ ಹಿಡಿಯಲಾಗಿದೆ? ಬಂಧನದ ಮೆಮೊ ಆಗಿದೆಯೆ, ಅದರಲ್ಲಿ ವೇಳೆ ಎಷ್ಟು ಬರೆದಿದೆ? ವೈದ್ಯಕೀಯ ಪರೀಕ್ಷೆ ಯಾವಾಗ? ಇದು ಜಾಮೀನು ಸಿಗುವ ಅಪರಾಧವಾದ್ದರಿಂದ ಜಾಮೀನಿನ ಕಾಗದ ಯಾವಾಗ ಕೊಡಬೇಕು?

ಈ ನಾಲ್ಕು ಪ್ರಶ್ನೆಗಳ ಹಿಂದೆ ದೀರ್ಘ ಇತಿಹಾಸವಿದೆ. ಬಂಧಿತನಿಗೆ ಬಂಧನದ ಕಾರಣಗಳನ್ನು ತಿಳಿಸಬೇಕು, ಅವನು ಇಚ್ಛಿಸಿದ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ವೇಳೆಯನ್ನು ಬಿಟ್ಟು 24 ಗಂಟೆಗಳೊಳಗೆ ದಂಡಾಧಿಕಾರಿಯ ಮುಂದೆ ಹಾಜರುಪಡಿಸಬೇಕು ಎಂಬುದು ಸಂವಿಧಾನದ 22ನೆಯ ಅನುಚ್ಛೇದದ ಆಣತಿ. 1996ರ ಡಿಸೆಂಬರ್ 18ರಂದು ಡಿ.ಕೆ. ಬಸು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಠಾಣೆಗಳಲ್ಲಿಯ ಸಾವುಗಳ ಬಗ್ಗೆ ಕಳವಳಗೊಂಡು ಹನ್ನೊಂದು ನಿಯಮಗಳನ್ನು ವಿಧಿಸಿತು. ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣುವಂತಿರಬೇಕು. ಸ್ಥಳದಲ್ಲಿಯೇ ವೇಳೆ ಮತ್ತು ದಿನಾಂಕವುಳ್ಳ ಮೆಮೊ ಬರೆದು ಮನೆಯವರೊಬ್ಬರ ಅಥವಾ ಆ ಬಡಾವಣೆಯ ಗೌರವಸ್ಥರೊಬ್ಬರ ಸಾಕ್ಷಿ ಪಡೆಯಬೇಕು. ಬಂಧಿತನೂ ಅದಕ್ಕೆ ಸಹಿ ಹಾಕಬೇಕು. ಅವನ ಬಂಧು ಅಥವಾ ಮಿತ್ರರೊಬ್ಬರಿಗೆ ಸುದ್ದಿ ಮುಟ್ಟಿಸಬೇಕು. ಮೈಮೇಲಿನ ಗಾಯಗಳನ್ನು ನೋಡಿ ದಾಖಲಿಸಬೇಕು. ಈ ನಿಯಮಗಳಲ್ಲಿ ಮುಖ್ಯವಾದವು ಈಗ ಶಾಸನವೇ ಆಗಿವೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 36ನೆಯ ಕಲಮು ಮೆಮೊವನ್ನು, 38ನೆಯದು ವಿಚಾರಣೆಯ ಕಾಲದಲ್ಲಿ ವಕೀಲರನ್ನು ಕಾಣುವ ಹಕ್ಕನ್ನು, 47ನೆಯದು ಬಂಧನದ ಕಾರಣ ಹಾಗೂ ಜಾಮೀನಿನ ಹಕ್ಕನ್ನು ತಿಳಿಸುವುದನ್ನು, 48ನೆಯದು ಬಂಧುಗಳಿಗೆ ತಿಳಿಸುವುದನ್ನು, 58ನೆಯದು 24 ಗಂಟೆಯ ಮಿತಿಯನ್ನು ಹೇಳುತ್ತವೆ. 2025ರ ನವೆಂಬರಿನಲ್ಲಿ, ಮುಂಬಯಿಯ ಒಂದು ರಸ್ತೆ ಅಪಘಾತದಿಂದ ಹುಟ್ಟಿದ ಪ್ರಕರಣದಲ್ಲಿ, ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಲಿಖಿತವಾಗಿಯೇ ಕೊಡಬೇಕೆಂದೂ, ಕೂಡಲೇ ಸಾಧ್ಯವಾಗದಿದ್ದರೆ ದಂಡಾಧಿಕಾರಿಯ ಮುಂದೆ ಒಯ್ಯುವುದಕ್ಕೆ ಎರಡು ಗಂಟೆ ಮುಂಚೆಯಾದರೂ ಕೊಡಬೇಕೆಂದೂ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ. ಕನ್ನಡಿಗನಿಗೆ ಕನ್ನಡದಲ್ಲಿಯೇ ಕಾರಣ ತಿಳಿಯಬೇಕೆಂಬುದು ಈಗ ಬೇಡಿಕೆಯ ಮಾತಾಗಿ ಉಳಿದಿಲ್ಲ.

ಆ ರಾತ್ರಿಯ ಸಬ್ ಇನ್‌ಸ್ಪೆಕ್ಟರರು ತರುಣರು, ಸಭ್ಯರು. ಕಲಮನ್ನು ಹೇಳಿದರು, ಮೆಮೊ ತೋರಿಸಿದರು. ಬಂಧನದ ವೇಳೆ 10 ಗಂಟೆ 50 ನಿಮಿಷವೆಂದು ಬರೆದಿತ್ತು. ಬರವಣಿಗೆಯ ಪೇದೆಯು ಮಾತ್ರ ಅರ್ಧ ಖಾಲಿ ಬಿಟ್ಟ ಒಂದು ಕಾಗದವನ್ನು ಹುಡುಗನ ಮುಂದೆ ಸರಿಸಿ ಸಹಿ ಕೇಳಿದನು. ಹಿರಿಯರು, “ಪೂರ್ತಿ ಬರೆಯಿರಿ, ಓದಿ ಸಹಿ ಮಾಡುತ್ತಾನೆ” ಎಂದರು. ಬೇಸರದಿಂದಲೇ ಆದರೂ ಅವನು ಬರೆದನು. ಖಾಲಿ ಚೆಕ್ಕಿಗೆ ಸಹಿ ಹಾಕಬಾರದೆಂದು ಮಕ್ಕಳಿಗೆ ಕಲಿಸುವ ಮನೆಗಳು ಖಾಲಿ ಪಂಚನಾಮೆಯ ಬಗ್ಗೆಯೂ ಅದನ್ನೇ ಕಲಿಸಬೇಕು. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಹೇಳಿದವನು ಸಹಿ ಹಾಕಬೇಕಾದುದೇ ಇಲ್ಲ, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ರುಜುವಾತು ಮಾಡುವಂತೆಯೂ ಇಲ್ಲ ಎಂಬುದು ಬಹಳ ಮಂದಿಗೆ ತಿಳಿಯದು.

ಇದಾದ ಮೇಲೆ ಆ ರಾತ್ರಿಯ ನಿಜವಾದ ಪರೀಕ್ಷೆಯು ಎದುರಾಯಿತು. ಮದ್ಯಪಾನ ಮಾಡಿ ವಾಹನ ಓಡಿಸಿದನೆಂದು ಹಿಡಿದವನನ್ನು ಬಂಧನದಿಂದ ಎರಡು ಗಂಟೆಗಳೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆಗೆ ಒಳಪಡಿಸಬೇಕು, ತಪ್ಪಿದರೆ ಅವನನ್ನು ಬಂಧನದಿಂದ ಬಿಡಬೇಕು ಎಂದು ಮೋಟಾರು ವಾಹನ ಕಾಯ್ದೆಯ 202ನೆಯ ಕಲಮು ಹೇಳುತ್ತದೆ. ಗಡಿಯಾರವು ಹನ್ನೆರಡು ದಾಟಿತ್ತು. ಠಾಣೆಯ ಜೀಪು ಹೆದ್ದಾರಿಯ ಅಪಘಾತವೊಂದಕ್ಕೆ ಹೋಗಿ ಇನ್ನೂ ಮರಳಿರಲಿಲ್ಲ. ಸಬ್ ಇನ್‌ಸ್ಪೆಕ್ಟರರು ಒಳಗೂ ಹೊರಗೂ ಓಡಾಡುತ್ತಿದ್ದರು. ಭಾವಮೈದುನರು ಹಿರಿಯರ ಕಿವಿಯಲ್ಲಿ, “ಭಾವಾ, ಇನ್ನು ಮುಕ್ಕಾಲು ಗಂಟೆ ಸುಮ್ಮನೆ ಕೂತರೆ ಸಾಕು, ಕಾಯ್ದೆಯೇ ಬಿಡಿಸುತ್ತದೆ” ಎಂದರು.

ಶಿರಸ್ತೇದಾರರನ್ನು ಕೇಳಿದಾಗ ಅವರು ಇದ್ದುದನ್ನು ಇದ್ದಂತೆ ಹೇಳಿದರು: ವೈದ್ಯರಲ್ಲಿಗೆ ಒಯ್ಯುವುದು ಪೊಲೀಸರ ಹೊಣೆ, ಮನೆಯವರು ಗಾಡಿ ಕೊಡಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ, ಸುಮ್ಮನಿದ್ದರೆ ಯಾರೂ ತಪ್ಪೆನ್ನಲಾರರು. ವೇಳೆ ಮೀರಿದರೆ ಹುಡುಗನು ಬಂಧನದಿಂದ ಬಿಡುಗಡೆ ಹೊಂದುತ್ತಾನೆಯೇ ಹೊರತು ಪ್ರಕರಣವು ತಾನಾಗಿ ಬಿದ್ದುಹೋಗುವುದಿಲ್ಲ, ಯಂತ್ರದ ಅಂಕಿ ಉಳಿದೇ ಇರುತ್ತದೆ. ಆದರೆ ವಕೀಲರಿಗೆ ವಾದಿಸಲು ಒಂದು ಎಡೆ ಸಿಗುತ್ತದೆ ಎಂಬುದನ್ನೂ ಅವರು ಮರೆಮಾಚಲಿಲ್ಲ.

ಹಿರಿಯರು ಸ್ವಲ್ಪ ಹೊತ್ತು ಯೋಚಿಸಿ ಹುಡುಗನ ಬಳಿಗೆ ಹೋಗಿ ಕೂತರು. ಎಲ್ಲವನ್ನೂ ವಿವರಿಸಿ, “ಈ ಹಕ್ಕು ನಿನ್ನದು, ನನ್ನದಲ್ಲ. ಬೇಡವೆಂದರೆ ನಾನು ಬಲವಂತ ಮಾಡುವುದಿಲ್ಲ. ನೀನೇ ಹೇಳು” ಎಂದರು. ಹುಡುಗನು ಬಹಳ ಹೊತ್ತು ತಲೆ ತಗ್ಗಿಸಿಕೊಂಡಿದ್ದು, “ಕುಡಿದದ್ದು ನಿಜ, ದೊಡ್ಡಪ್ಪಾ. ಹೋಗೋಣ” ಎಂದನು. ಮನೆಯ ಗಾಡಿಯಲ್ಲಿಯೇ, ಪೇದೆಯೊಬ್ಬನನ್ನು ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದರು. ವೈದ್ಯರು ರಕ್ತ ತೆಗೆದಾಗ ಹನ್ನೆರಡೂವರೆಯ ಮೇಲೆ ಐದು ನಿಮಿಷವಾಗಿತ್ತು. ಗಾಡಿಯನ್ನು ಓಡಿಸಿದವನು ಅದೇ ಚಾಲಕ.

ಆ ಪಟ್ಟಣದಲ್ಲಿ ಈ ಸಂಗತಿ ತಿಳಿದ ಕೆಲವರು ಹಿರಿಯರನ್ನು ಭೋಳೆಯೆಂದರು. ಕಾಯ್ದೆ ಕೊಟ್ಟ ಎಡೆಯನ್ನು ಬಳಸಿಕೊಳ್ಳುವುದರಲ್ಲಿ ತಪ್ಪೇನಿತ್ತೆಂದು ಕೇಳಿದರು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಎರಡು ಗಂಟೆಯ ನಿಯಮವು ಪೊಲೀಸರು ಯಾರನ್ನೂ ರಾತ್ರಿಯಿಡೀ ಪರೀಕ್ಷೆಯಿಲ್ಲದೆ ಕೂರಿಸಿಕೊಳ್ಳದಿರಲೆಂದು ಇರುವ ಕಟ್ಟಳೆ. ವೇಳೆ ಮೀರಿದ ಬಳಿಕ ಬಿಡುಗಡೆಯನ್ನು ಕೇಳುವುದು ನ್ಯಾಯವೇ; ಒಬ್ಬ ಬಡ ಕೂಲಿಯನ್ನು ಹಾಗೆ ಕೂರಿಸಿಕೊಂಡಿದ್ದರೆ ಅದನ್ನು ಕೇಳುವುದು ಧರ್ಮವೂ ಹೌದು. ಹುಡುಗನು ಸುಮ್ಮನೆ ಕೂತಿದ್ದರೂ ಅವನು ಸುಳ್ಳು ಹೇಳಿದಂತಾಗುತ್ತಿರಲಿಲ್ಲ. ಆದುದರಿಂದ ಹಿರಿಯರು ಮಾಡಿದ್ದನ್ನು ಎಲ್ಲರಿಗೂ ವಿಧಿಯೆಂದು ಹೇಳಲಾಗದು. ಸರ್ಕಾರವು ಮನುಷ್ಯನಿಂದ ಬಲವಂತವಾಗಿ ಏನನ್ನು ಮಾಡಿಸಬಾರದೆಂಬುದನ್ನು ಹಕ್ಕು ನಿರ್ಧರಿಸುತ್ತದೆ. ಅವನು ತನ್ನಿಂದ ತಾನು ಏನನ್ನು ಮಾಡಿಸಿಕೊಳ್ಳಬೇಕೆಂಬುದನ್ನು ವ್ರತವು ನಿರ್ಧರಿಸುತ್ತದೆ. ಮೊದಲನೆಯದನ್ನು ತಿಳಿಯದ ಮನೆಗೆ ಎರಡನೆಯದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೇ ಇರುವುದಿಲ್ಲ. ಹೆದರಿ ನಿಜ ಹೇಳುವುದಕ್ಕೂ ಬಲ್ಲವನಾಗಿ ನಿಜದ ಕಡೆಗೆ ಹೋಗುವುದಕ್ಕೂ ಬಹಳ ಅಂತರವಿದೆ.

ಮೌನದ ಹಕ್ಕಿನ ಬಗ್ಗೆಯೂ ಸ್ಪಷ್ಟತೆ ಬೇಕು. ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸಬಾರದೆಂದು ಸಂವಿಧಾನದ 20ನೆಯ ಅನುಚ್ಛೇದದ ಮೂರನೆಯ ಖಂಡವು ಹೇಳುತ್ತದೆ. ಈ ರಕ್ಷಣೆಯು ಠಾಣೆಯ ವಿಚಾರಣೆಯಲ್ಲಿಯೂ ಇದೆಯೆಂದು 1978ರಲ್ಲಿ ನಂದಿನಿ ಸತ್ಪತಿ ಪ್ರಕರಣದಲ್ಲಿ ತೀರ್ಮಾನವಾಯಿತು. ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಂಪರು ಪರೀಕ್ಷೆಯನ್ನಾಗಲಿ ಸುಳ್ಳು ಪತ್ತೆಯ ಪರೀಕ್ಷೆಯನ್ನಾಗಲಿ ನಡೆಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ಆದರೆ ಈ ಹಕ್ಕು ನಾಲಗೆಗೆ ಸಂಬಂಧಿಸಿದ್ದು, ಉಸಿರಿಗಲ್ಲ. ಬೆರಳಚ್ಚು, ಕೈಬರಹದ ಮಾದರಿಗಳಂಥವು ಸಾಕ್ಷ್ಯ ನುಡಿದಂತಲ್ಲವೆಂದು 1961ರಷ್ಟು ಹಿಂದೆಯೇ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ಕಾಠಿ ಕಾಲು ಪ್ರಕರಣದಲ್ಲಿ ಹೇಳಿದೆ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯು ಸಕಾರಣವಾದ ಸಂಶಯದಿಂದ ಉಸಿರು ಪರೀಕ್ಷೆಗೆ ಕರೆದಾಗ ನಿರಾಕರಿಸಿದವನನ್ನು ವಾರಂಟಿಲ್ಲದೆ ಬಂಧಿಸಬಹುದು. ಸಕಾರಣವಿಲ್ಲದ ಆ ನಿರಾಕರಣೆಯೇ ಅವನ ವಿರುದ್ಧದ ಸಾಕ್ಷ್ಯಕ್ಕೆ ಬೆಂಬಲವಾಗಿ ನಿಲ್ಲುತ್ತದೆ. ಪರೀಕ್ಷೆಯಲ್ಲಿ ನಂಬಿಕೆಯಿಲ್ಲದವನು ಠಾಣೆಯಲ್ಲಿ ಮತ್ತೊಮ್ಮೆ ಉಸಿರು ಕೊಡಲು ಅವಕಾಶವನ್ನು ಕೇಳಬಹುದು. 203ನೆಯ ಕಲಮು ಆ ಅವಕಾಶವನ್ನು ಕೊಡಲೇಬೇಕೆನ್ನುತ್ತದೆ. ಮಹಿಳೆಯ ರಕ್ತವನ್ನು ಪುರುಷ ವೈದ್ಯರು ತೆಗೆಯುವುದಾದರೆ ಇನ್ನೊಬ್ಬ ಮಹಿಳೆಯ ಸಮಕ್ಷಮದಲ್ಲಿಯೇ ಆಗಬೇಕು.

ಮೊದಲೂ ಹೀಗೆ ಕುಡಿದು ಓಡಿಸಿದ್ದೀಯಾ ಎಂದು ಕೇಳಿದಾಗ ಆ ಹುಡುಗನು, “ಅದಕ್ಕೆ ಉತ್ತರ ಕೊಡುವುದಿಲ್ಲ, ಸರ್” ಎಂದನು. ಸಬ್ ಇನ್‌ಸ್ಪೆಕ್ಟರರು ಹಾಗೆಯೇ ಬರೆದುಕೊಂಡರು. ಉತ್ತರ ಕೊಡುವುದಿಲ್ಲ ಎನ್ನುವುದು ಮೌನ. ಇಲ್ಲವೇ ಇಲ್ಲ ಎಂದಿದ್ದರೆ ಅದು ಸುಳ್ಳಾಗಬಹುದಿತ್ತು. ಮೊದಲನೆಯದು ಸತ್ಯಾಣುವ್ರತಕ್ಕೆ ಭಂಗವಲ್ಲ.

ರಾತ್ರಿ ಒಂದೂವರೆಯ ವೇಳೆಗೆ ಜಾಮೀನಿನ ಮೇಲೆ ಅವನು ಮನೆಗೆ ಬಂದನು. ಮುಂದೆ ನ್ಯಾಯಾಲಯದಲ್ಲಿ ತಪ್ಪನ್ನು ಒಪ್ಪಿಕೊಂಡು 10,000 ರೂಪಾಯಿ ದಂಡ ತೆತ್ತನು. ಅವನ ಚಾಲನಾ ಪರವಾನಗಿಯನ್ನು ಆರ್.ಟಿ.ಒ. ಕಚೇರಿಯವರು ಮೂರು ತಿಂಗಳು ಅಮಾನತಿನಲ್ಲಿಟ್ಟರು. ಆ ಮೂರು ತಿಂಗಳು ಅವನು ಅಂಗಡಿಗೆ ಸೈಕಲ್ಲಿನಲ್ಲಿ ಬರುತ್ತಿದ್ದುದನ್ನು ಪೇಟೆಯವರೆಲ್ಲ ನೋಡಿದರು. ಅದರಿಂದ ಆ ಮನೆತನದ ಪತ್ತು ಕಡಿಮೆಯಾಗಲಿಲ್ಲ.

ಆದರೂ ಇಂಥ ಪ್ರಸಂಗದಲ್ಲಿ ಹಕ್ಕುಗಳ ಮಾತೇ ಕೊನೆಯ ಮಾತಾಗಬಾರದು. ಪ್ರಮಾದವೇ ಹಿಂಸೆಯ ಬೇರು ಎಂಬುದು ಉಮಾಸ್ವಾತಿಗಳ ನಿಲುವು. ಮತ್ತೇರಿದವನು ಯಾರನ್ನೂ ಕೊಲ್ಲದೆ ಮನೆ ಸೇರಿದರೆ ಅದು ಅವನ ಪುಣ್ಯವಲ್ಲ, ದಾರಿಹೋಕರ ಪುಣ್ಯ. ಸಮಂತಭದ್ರಾಚಾರ್ಯರು ಶ್ರಾವಕನ ಎಂಟು ಮೂಲಗುಣಗಳಲ್ಲಿ ಮದ್ಯತ್ಯಾಗವನ್ನು ಸೇರಿಸಿದ್ದಲ್ಲದೆ, ಅನರ್ಥದಂಡಗಳಲ್ಲಿ ಹಿಂಸಾದಾನವನ್ನು, ಎಂದರೆ ಹಿಂಸೆಯ ಸಾಧನವನ್ನು ಇನ್ನೊಬ್ಬರ ಕೈಗೆ ಕೊಡುವುದನ್ನು, ಎಣಿಸಿದ್ದಾರೆ. ಕುಡಿದವನೆಂದು ತಿಳಿದೂ ಅವನ ಕೈಗೆ ಕಾರಿನ ಕೀಲಿ ಕೊಟ್ಟ ಗೆಳೆಯನು ಮಾಡಿದ್ದು ಅದನ್ನೇ. ಮೋಟಾರು ವಾಹನ ಕಾಯ್ದೆಯ 188ನೆಯ ಕಲಮು ಅಂಥ ದುಷ್ಪ್ರೇರಣೆಯನ್ನೂ ಶಿಕ್ಷಾರ್ಹವೆಂದಿದೆ. ಸರಕು ಬೇಗ ಮುಟ್ಟಲೆಂದು, ಕುಡಿದ ಲಾರಿ ಚಾಲಕನನ್ನು ಕಂಡೂ ಕಾಣದಂತೆ ದಾರಿಗೆ ಬಿಡುವ ಮಾಲೀಕರು ಇದನ್ನು ನೆನಪಿಡಬೇಕು. 2019ರಿಂದ ಹದಿನೆಂಟು ತುಂಬದ ಮಕ್ಕಳು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕ ಅಥವಾ ಮಾಲೀಕನಿಗೇ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 25,000 ರೂಪಾಯಿ ದಂಡವಿದೆ.

ಇನ್ನು ಟ್ರಸ್ಟುಗಳು ಯೋಚಿಸಬೇಕಾದ ಒಂದು ವಿಷಯ. ಮನೆಯ ಮಗನಿಗಾಗಿ ಕೇಳಿದ ನಾಲ್ಕು ಪ್ರಶ್ನೆಗಳನ್ನು ಬಸದಿಯ ಕಾವಲುಗಾರನಿಗಾಗಿಯೂ ಕೇಳುವವರೆಷ್ಟು ಮಂದಿ? ಬಸದಿಯಲ್ಲಿ ವಿಗ್ರಹವೋ ಹುಂಡಿಯೋ ಕಳವಾದಾಗ ಮೊದಲ ಸಂಶಯವು ಸಂಬಳ ಕಡಿಮೆಯಿರುವವನ ಮೇಲೆಯೇ ಬೀಳುತ್ತದೆ. “ಸ್ವಲ್ಪ ಬಿಸಿ ಮುಟ್ಟಿಸಿ ಕೇಳಿ, ಬಾಯಿ ಬಿಡುತ್ತಾನೆ” ಎಂದು ಪೊಲೀಸರಿಗೆ ಹೇಳುವ ಧರ್ಮದರ್ಶಿಗಳು ತಾವು ಏನನ್ನು ಹೇಳುತ್ತಿದ್ದೇವೆಂಬುದನ್ನು ಅರಿಯಬೇಕು. ಕಟ್ಟಿಹಾಕುವುದು, ಹೊಡೆಯುವುದು, ಅನ್ನನೀರು ತಡೆಯುವುದು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೂರು. ಅವನ್ನು ಪೊಲೀಸರ ಕೈಯಿಂದ ಮಾಡಿಸಿದರೂ ಮಾಡಿಸಿದ್ದೇ. ನೆಲದ ಕಾಯ್ದೆಯೂ ಇದಕ್ಕೆ ಹೊರತಾಗಿ ಹೇಳುವುದಿಲ್ಲ: ಬಂಧಿತನು ತಪ್ಪಿಸಿಕೊಳ್ಳದಂತೆ ತಡೆಯಲು ಎಷ್ಟು ಅವಶ್ಯವೋ ಅದಕ್ಕಿಂತ ಹೆಚ್ಚಿನ ನಿರ್ಬಂಧ ಸಲ್ಲದು. ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನವು ತಾನೇ ತಾನಾಗಿ ಆಗತಕ್ಕದ್ದಲ್ಲ, ಅವಶ್ಯಕತೆಯ ಕಾರಣಗಳನ್ನು ಬರೆದಿಡಬೇಕು ಎಂದು 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ತೀರ್ಪಾಗಿದೆ. ಬಂಧನ ಬೇಕಿಲ್ಲದ ಕಡೆ ಪೊಲೀಸರು ಹಾಜರಾಗಲು ನೋಟೀಸು ಕೊಡಬೇಕು. ಕಾವಲುಗಾರನನ್ನು ನೋಟೀಸಿಲ್ಲದೆ ಮೂರು ದಿನ ಠಾಣೆಯ ಜಗಲಿಯಲ್ಲಿ ಕೂರಿಸುವುದು ಯಾವ ಕಲಮಿನಲ್ಲಿಯೂ ಇಲ್ಲ. ಅವನ ಪರವಾಗಿ ವಕೀಲರನ್ನು ಗೊತ್ತುಮಾಡಲು ಟ್ರಸ್ಟು ಹಿಂಜರಿದರೂ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಬಂಧನದಲ್ಲಿರುವ ಯಾರಿಗೇ ಆಗಲಿ, ವರಮಾನವೆಷ್ಟೆಂದು ನೋಡದೆ, ಉಚಿತ ವಕೀಲರ ನೆರವು ದೊರೆಯುತ್ತದೆ. 15100 ಎಂಬ ಸಂಖ್ಯೆಗೆ ಫೋನು ಮಾಡಬಹುದು. ತಾಲ್ಲೂಕಿನ ಕಾನೂನು ಸೇವಾ ಸಮಿತಿಯನ್ನು ಅಲ್ಲಿಯ ನ್ಯಾಯಾಲಯದಲ್ಲಿ ವಿಚಾರಿಸಬಹುದು.

ವೃದ್ಧರು ಮತ್ತು ಸ್ತ್ರೀಯರ ವಿಷಯದಲ್ಲಿಯೂ ಕೆಲವು ಸಂಗತಿಗಳು ಪ್ರತಿ ಮನೆಗೆ ತಿಳಿದಿರಬೇಕು. ಸಾಕ್ಷಿ ವಿಚಾರಣೆಗೆಂದು ಮಹಿಳೆಯರನ್ನು, ಹದಿನೈದರ ಒಳಗಿನ ಹಾಗೂ ಅರುವತ್ತು ದಾಟಿದ ಪುರುಷರನ್ನು, ಅಂಗವಿಕಲರನ್ನು, ತೀವ್ರ ಅಸ್ವಸ್ಥರನ್ನು ಅವರ ವಾಸಸ್ಥಳವನ್ನು ಬಿಟ್ಟು ಬೇರೆಡೆಗೆ ಬರಬೇಕೆಂದು ಒತ್ತಾಯಿಸುವಂತಿಲ್ಲ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ, ಅರುವತ್ತು ಮೀರಿದವರನ್ನು ಅಥವಾ ಅಶಕ್ತರನ್ನು ಡಿ.ವೈ.ಎಸ್.ಪಿ. ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿಯಿಲ್ಲದೆ ಬಂಧಿಸಕೂಡದು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮಹಿಳೆಯನ್ನು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭದಲ್ಲಿ ಮಾತ್ರ, ದಂಡಾಧಿಕಾರಿಯ ಪೂರ್ವಾನುಮತಿ ಪಡೆದು, ಮಹಿಳಾ ಅಧಿಕಾರಿಯೇ ಬಂಧಿಸಬೇಕು.

ಇದನ್ನೆಲ್ಲ ಪ್ರತಿಯೊಬ್ಬರೂ ಕಂಠಪಾಠ ಮಾಡಬೇಕಾಗಿಲ್ಲ. ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನ ಪ್ರವಚನದ ನಂತರ ಊರಿನ ವಕೀಲರೊಬ್ಬರನ್ನು ಕರೆಸಿ ಒಂದು ಗಂಟೆ ಮಾತನಾಡಿಸಿದರೆ ಸಾಕು. ಯುವಕರೂ ಚಾಲಕರೂ ಅಂಗಡಿಯ ಹುಡುಗರೂ ಹಮಾಲರೂ ಒಂದೇ ಜಮಖಾನೆಯ ಮೇಲೆ ಕೂತು ಅದನ್ನು ಕೇಳಲಿ. ಬಂಧನದ ಕಾರಣ, ಮೆಮೊ, ಬಂಧುಗಳಿಗೆ ಸುದ್ದಿ, ವಕೀಲರು, ವೈದ್ಯರು, ಜಾಮೀನು, 24 ಗಂಟೆ, 15100 ಎಂಬ ಎಂಟು ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದು ಬಸದಿಯ ಕಚೇರಿಯ ಗೋಡೆಗೂ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕಕ್ಕೂ ಹಚ್ಚಿದರೆ ಖರ್ಚು ಹೆಚ್ಚಾಗದು. ಅದರ ಕೆಳಗೆ ಒಂಬತ್ತನೆಯ ಸಾಲೊಂದನ್ನು ಸೇರಿಸಬಹುದು: ಕೇಳುವುದು ಹಕ್ಕು, ಸುಮ್ಮನಿರುವುದು ಹಕ್ಕು, ಸುಳ್ಳು ಹೇಳುವುದು ಮಾತ್ರ ಯಾರ ಹಕ್ಕೂ ಅಲ್ಲ.